ಕಾಯುವ ನೆಲ

ನಮ್ಮಲ್ಲಿ ಮಳೆಗೆ ಬಂಧುಬಳಗ ದೊಡ್ಡದು. ಮುಂಗಾರಿನ ಮೊದಲ ನಾಲ್ಕು ಹನಿ ಬಿದ್ದರೆ ಸಾಕು, ಕವಿಗಳು ಪೆನ್ನು ಹುಡುಕುತ್ತಾರೆ, ಅಡುಗೆಮನೆಯಲ್ಲಿ ಎಣ್ಣೆಯ ಬಾಣಲೆ ಒಲೆಯೇರುತ್ತದೆ, ಮಕ್ಕಳು ನೋಟ್‌ಬುಕ್ಕಿನ ನಡುಹಾಳೆ ಕಿತ್ತು ದೋಣಿ ಮಾಡುತ್ತಾರೆ. ಬಿಸಿಲಿಗೆ ಈ ಭಾಗ್ಯವಿಲ್ಲ. ಬಿಸಿಲು ಬಂತೆಂದರೆ ಕಿಟಕಿ ಮುಚ್ಚುತ್ತೇವೆ, ಪರದೆ ಎಳೆಯುತ್ತೇವೆ, ಬಾಗಿಲಲ್ಲೇ ಮುಖ ತಿರುಗಿಸುತ್ತೇವೆ. ನಾನು ಹುಟ್ಟಿ ಬೆಳೆದದ್ದು ಕಲಬುರಗಿ ಸೀಮೆಯಲ್ಲಿ. ಅಲ್ಲಿ ಬಿಸಿಲಿನಿಂದ ಮುಖ ತಿರುಗಿಸಬೇಕೆಂದರೆ ಬೇರೆ ದಿಕ್ಕೇ ಇರುವುದಿಲ್ಲ. ಹೀಗಾಗಿ ಚಿಕ್ಕಂದಿನಿಂದಲೂ ನನಗೂ ಬಿಸಿಲಿಗೂ ಒಂದು ಸಲಿಗೆ. ಬಾಗಿಲಿಗೆ ಕಟ್ಟಿದ ಒದ್ದೆ ಗೋಣಿತಾಟು, ಅದರಿಂದ ಬರುವ ನಾರಿನ ಹಸಿ ವಾಸನೆ, ಶಹಾಬಾದ ಕಲ್ಲಿನ ನೆಲದ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡು ಬೆನ್ನಿಗೆ ತಂಪು ಹೀರಿಸಿಕೊಳ್ಳುವ ಸುಖ, ಇವೆಲ್ಲ ಬಿಸಿಲೇ ಕೊಟ್ಟ ಉಡುಗೊರೆಗಳು. ಬಿಸಿಲಿಲ್ಲದ ಊರಿನಲ್ಲಿ ನೆರಳಿಗೇನು ಬೆಲೆ?

ಈ ಬಿಸಿಲುನಂಟು ನನ್ನನ್ನು ಥಾರ್ ಮರುಭೂಮಿಯವರೆಗೆ ಎಳೆದೊಯ್ದಿತು. ಜೈಸಲ್ಮೇರಿಗೆ ಜನ ಹೋಗುವುದು ಚಳಿಗಾಲದಲ್ಲಿ. ಒಂಟೆ ಸವಾರಿ, ಮರಳುದಿಬ್ಬದ ಮೇಲಿನ ಸೂರ್ಯಾಸ್ತ, ಡೇರೆಯ ಮುಂದೆ ಬೆಂಕಿ, ಹಾಡು. ನಾನು ಹೋದದ್ದು ಜೂನ್ ಮುಗಿಯುವ ಹೊತ್ತಿಗೆ, ಹೋಟೆಲುಗಳು ಅರ್ಧ ಬಾಗಿಲು ಹಾಕಿಕೊಂಡು ನಿದ್ದೆ ಹೊಡೆಯುವ ಕಾಲದಲ್ಲಿ. ಪಟ್ಟಣದಿಂದ ಸಾಕಷ್ಟು ಆಚೆ, ಹೊಲಗಳ ನಡುವೆ ನಾಲ್ಕಾರು ಮನೆಗಳಷ್ಟೇ ಇರುವ ಒಂದು ಢಾಣಿಯಲ್ಲಿ, ಪರಿಚಿತರ ಪರಿಚಿತರ ಮನೆಯಲ್ಲಿ ಉಳಿದುಕೊಂಡೆ. ಮನೆಯ ಹಿರಿಯರನ್ನು ಎಲ್ಲರೂ ಕಾಕೋಸಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. "ಪಧಾರೋ ಸಾ" ಎಂದು ಬರಮಾಡಿಕೊಂಡು, ನೀರಿನ ಲೋಟ ಕೈಗಿಟ್ಟು, ಅವರು ಮೊದಲು ಕೇಳಿದ್ದು, "ನಿಮ್ಮ ಕಡೆ ಮಳೆ ಹಿಡಿಯಿತೇ?"

"ಹಿಡಿದಿದೆ ಕಾಕೋಸಾ, ಬಿತ್ತನೆ ನಡೆದಿದೆ" ಎಂದೆ.

"ಹಾಗಾದರೆ ದಾರಿಯಲ್ಲಿದೆ" ಎಂದು ಅವರು ಸಮಾಧಾನದಿಂದ ಮೀಸೆ ನೀವಿಕೊಂಡರು. ಹತ್ತಿರದ ಬಂಧು ರೈಲು ಹತ್ತಿದ ಸುದ್ದಿ ಕೇಳಿದವರ ಸಮಾಧಾನ ಅದು. ಆ ಮಾತು ಎಷ್ಟು ನಿಜ ಎಂಬುದನ್ನು ಯೋಚಿಸುತ್ತ ಯೋಚಿಸುತ್ತಲೇ ನನ್ನ ಅಲ್ಲಿನ ದಿನಗಳು ಕಳೆದವು.

ಸೆಖೆಯ ಲೆಕ್ಕದಲ್ಲಿ ಥಾರಿಗೆ ದೇಶದಲ್ಲೇ ಮೊದಲ ಮಣೆ. 2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು; ಭಾರತದ ಅಧಿಕೃತ ದಾಖಲೆ ಇಂದಿಗೂ ಅದೇ. ಚುರು ಎಂಬ ಊರಿನ ಸ್ವಭಾವ ಇನ್ನೂ ಸೋಜಿಗದ್ದು. 2019ರ ಜೂನ್ 1ರಂದು 50.8 ಡಿಗ್ರಿಯಲ್ಲಿ ಬೆಂದ ಅದೇ ಊರಿನಲ್ಲಿ ಚಳಿಗಾಲದ ಕೆಲವು ರಾತ್ರಿ ಪಾದರಸ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆದರೆ ಅಂಕಿಗಳು ಬಿಸಿಲಿನ ಎತ್ತರವನ್ನು ಹೇಳಿಯಾವು, ಅದರ ಗುಣವನ್ನು ಹೇಳಲಾರವು. ನಮ್ಮ ಕಡೆಯದು ಕರಿಮಣ್ಣಿನ ಬಿಸಿಲು: ನೆಲ ಬಿರಿಯುತ್ತದೆ, ಬಿರುಕಿನಿಂದ ಝಳ ಏಳುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಥಾರಿನದು ಮರಳಿನ ಒಣಬಿಸಿಲು. ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ. ಸಂಜೆ ಅಂಗಿ ಬಿಚ್ಚಿದಾಗ ಬೆನ್ನಿನ ಭಾಗದಲ್ಲಿ ಉಪ್ಪಿನ ಬಿಳಿ ಗೆರೆ ಕಂಡ ಮೇಲೇ ದಿನವಿಡೀ ಬೆವರಿದ್ದೆ ಎಂದು ಗೊತ್ತಾಗುವುದು.

ಹೊತ್ತು ಏರಿದಂತೆ ಪಡುವಣದಿಂದ ಲೂ ಏಳುತ್ತದೆ. ಆ ಬಿಸಿಗಾಳಿ ಕಣ್ಣಿನ ಪಸೆಯನ್ನೂ ಬಿಡುವುದಿಲ್ಲ. ಢಾಣಿ ಆಗ ಮಂಗಮಾಯವಾಗುತ್ತದೆ. ಮಣ್ಣಿನ ಗೋಡೆಯ, ಸಜ್ಜೆದಂಟು ಹೊದಿಸಿದ ಗುಂಡು ಝೂಂಪಾಗಳೊಳಗೆ ಎಲ್ಲರೂ ಸೇರಿಕೊಳ್ಳುತ್ತಾರೆ. ಹೊರಗೆ ಉಳಿಯುವುದು ಆಡುಗಳಷ್ಟೇ. ಅವು ಖೇಜಡಿ ಮರದ ನೆರಳಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತು, ನೆರಳು ಸರಿದಷ್ಟೂ ತಾವೂ ಸರಿಯುತ್ತವೆ. ಹಿಂಡು ಮರದ ಯಾವ ಮಗ್ಗುಲಲ್ಲಿದೆ ಎಂದು ನೋಡಿದರೆ ಸಾಕು, ಹೊತ್ತೆಷ್ಟಾಯಿತೆಂದು ಹೇಳಬಹುದು. ನಾನು ಅಲ್ಲಿದ್ದಷ್ಟು ದಿನ ಈ ಆಡುಗಡಿಯಾರವನ್ನೇ ನಂಬಿದ್ದೆ. ಮಧ್ಯಾಹ್ನಕ್ಕೆ ರಾಬಡಿ. ಮಜ್ಜಿಗೆಯಲ್ಲಿ ಸಜ್ಜೆಹಿಟ್ಟು ಕಲಸಿ ಹುಳಿ ಬರಿಸಿ ಕಾಸಿ ತಣಿಸಿದ ಅದು ನಮ್ಮ ಅಂಬಲಿಯ ಹತ್ತಿರದ ಸಂಬಂಧಿ. ಅನಿವಾರ್ಯವಾಗಿ ಹೊರಗೆ ಹೊರಟವರು ಲೂ ಬಡಿಯದಿರಲೆಂದು ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತಾರೆ. ನಮ್ಮಜ್ಜಿಯೂ ನಮ್ಮ ಚಡ್ಡಿ ಜೇಬಿಗೆ ಇದನ್ನೇ ತುರುಕುತ್ತಿದ್ದಳು. ನೂರಾರು ಮೈಲು ನಡುವೆ ಬಿದ್ದಿದ್ದರೂ ಬಿಸಿಲುನಾಡುಗಳೆಲ್ಲ ಒಂದೇ ಮನೆತನದವು ಎಂದು ನನಗೆ ಖಾತ್ರಿಯಾದದ್ದು ಆ ಉಳ್ಳಾಗಡ್ಡಿಯಿಂದ.

ಒಂದೇ ಮನೆತನವಾದರೂ ಒಂದು ವಿಷಯದಲ್ಲಿ ನಮ್ಮಿಬ್ಬರ ಬೇಡಿಕೆ ಬೇರೆ. ಮೇ ಕೊನೆಯ ವಾರದಲ್ಲಿ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬರುತ್ತಾನೆ. ನಮ್ಮ ರೈತರಿಗೆ ಆಗ ಮಳೆ ಬೇಕು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎನ್ನುತ್ತೇವೆ. ಥಾರಿನ ಈ ಮಾರವಾಡದವರಿಗೆ ಅದೇ ರೋಹಿಣಿಯಲ್ಲಿ ಬಿಸಿಲು ಬೇಕು. ಆ ಮೊದಲ ಒಂಬತ್ತು ದಿನಗಳಿಗೆ ಅವರು ನೌತಪಾ ಎನ್ನುತ್ತಾರೆ. ನೌತಪಾ ಚೆನ್ನಾಗಿ ಕಾಯಬೇಕು, ಲೂ ಜೋರಾಗಿ ಬೀಸಬೇಕು. ಇಲ್ಲವಾದರೆ ಇಲಿ, ಮಿಡತೆ, ಹಾವು, ಜ್ವರ ಹೆಚ್ಚುತ್ತವೆ ಎಂಬುದು ಹಿರಿಯರ ನಂಬಿಕೆ. ಆ ದಿನಗಳಲ್ಲಿ ನಾಲ್ಕು ಹನಿ ಬಿದ್ದುಬಿಟ್ಟರೆ ಅವರಿಗೆ ಚಿಂತೆ: ರೋಹಿಣಿ ಕರಗಿತು, ಇನ್ನು ಮುಂದಿನ ಮಳೆ ನೆಚ್ಚುವ ಹಾಗಿಲ್ಲ. ದೇಶದಲ್ಲೇ ಅತಿ ಹೆಚ್ಚು ಬೇಯುವವರು, ಇನ್ನಷ್ಟು ಬೇಯಲಿ ಎಂದು ಕೈಮುಗಿಯುವುದನ್ನು ಮೊದಲು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಹವಾಮಾನದ ಪುಸ್ತಕ ತೆರೆದರೆ, ಅದೂ ಕಾಕೋಸಾರ ಪಕ್ಷವನ್ನೇ ವಹಿಸಿ ಮಾತಾಡುತ್ತಿತ್ತು.

ಒಲೆ ಉರಿಯುವಾಗ ಬಿಸಿಗಾಳಿ ಹೊಗೆಗೂಡಿನಿಂದ ಮೇಲೇರುತ್ತದೆ, ಅದರ ಜಾಗ ತುಂಬಲು ಬಾಗಿಲ ಸಂದಿಯಿಂದ ಹೊಸ ಗಾಳಿ ಒಳಗೆ ನುಗ್ಗುತ್ತದೆ. ಮುಂಗಾರಿನ ಮೊದಲ ಪಾಠ ಇಷ್ಟೇ. ಮೇ-ಜೂನ್‌ನಲ್ಲಿ ರಾಜಸ್ಥಾನದ ಪಡುವಣದಿಂದ ಸಿಂಧ್, ಬಲೂಚಿಸ್ತಾನದವರೆಗಿನ ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ, ಅಲ್ಲಿ ಒತ್ತಡ ತಗ್ಗುತ್ತದೆ. ಸಮಭಾಜಕದ ಆಚೆ, ದಕ್ಷಿಣ ಹಿಂದೂ ಮಹಾಸಾಗರದ ಮೇಲೆ, ಒತ್ತಡ ಹೆಚ್ಚಿರುತ್ತದೆ. ಅಲ್ಲಿಂದ ಹೊರಟ ಗಾಳಿ ಸಮಭಾಜಕ ದಾಟಿ, ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ಮೇಲೆ ಮೈಲುಗಟ್ಟಲೆ ನೀರು ಕುಡಿದು, ನಮ್ಮ ಪಡುವಣ ಘಟ್ಟಕ್ಕೆ ಎದೆ ಕೊಡುತ್ತದೆ. ನೆಲವೂ ಕಡಲೂ ಬೇರೆ ಬೇರೆ ರೀತಿಯಲ್ಲಿ ಕಾಯುವುದರಿಂದಲೇ ಈ ಗಾಳಿ ಹುಟ್ಟುತ್ತದೆಂದು 1686ರಲ್ಲೇ ಎಡ್ಮಂಡ್ ಹ್ಯಾಲಿ ಬರೆದಿದ್ದ. ಧೂಮಕೇತುವಿಗೆ ಹೆಸರು ಕೊಟ್ಟ ಹ್ಯಾಲಿಯೇ ಅವನು. ಹಿಮಾಲಯ, ಟಿಬೆಟ್ಟಿನ ಪ್ರಸ್ಥಭೂಮಿ, ಬಲು ಎತ್ತರದ ಗಾಳಿಗಳ ಓಟ, ಹೀಗೆ ಈಚಿನ ವಿಜ್ಞಾನಿಗಳು ಇನ್ನೂ ಹಲವು ಕಾರಣಗಳನ್ನು ಸೇರಿಸಿದ್ದಾರೆ. ಆದರೂ ಥಾರಿನ ಸುತ್ತಲಿನ ಈ ತಾಪದ ತಗ್ಗಿಗೆ ಮುಂಗಾರಿನ ವ್ಯವಸ್ಥೆಯಲ್ಲಿ ದೊಡ್ಡ ಪಾಲಿದೆ. ಅಂದರೆ ಆಗುಂಬೆಯ ಹಂಚಿನ ಮೇಲೆ ಜಡಿಮಳೆ ಬಾರಿಸುವಾಗ ಅದರಲ್ಲಿ ಫಲೋದಿಯ ಬಿಸಿಲಿನದೂ ಒಂದು ಕೈ ಇದೆ. ನಾವು ಹೊದ್ದು ಮಲಗಲೆಂದು ಅವರು ಕಾದಿರುತ್ತಾರೆ.

ಹೀಗೆ ಮಳೆ ಕರೆದವರಿಗೆ ಸಿಗುವುದೆಷ್ಟು? ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು. ಜೈಸಲ್ಮೇರಿಗೆ 200 ಮಿಲಿಮೀಟರಿಗೂ ಕಡಿಮೆ. ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿದ ದಿನಾಂಕಗಳ ಪ್ರಕಾರ ಮುಂಗಾರು ಜೂನ್ 1ಕ್ಕೆ ಕೇರಳ ಮುಟ್ಟಿ, ಜುಲೈ 8ರ ಹೊತ್ತಿಗೆ ಈ ಮೂಲೆಗೆ ಬರುತ್ತದೆ. ಸೆಪ್ಟೆಂಬರ್ 17ಕ್ಕೆ ಎಲ್ಲಕ್ಕಿಂತ ಮೊದಲು ಇಲ್ಲಿಂದಲೇ ಗಂಟುಮೂಟೆ ಕಟ್ಟುತ್ತದೆ. ಕೊನೆಗೆ ಬರುವುದು, ಮೊದಲು ಹೊರಡುವುದು. ಅರಾವಳಿ ಬೆಟ್ಟಸಾಲು ಅಡ್ಡ ನಿಂತು ಮೋಡ ತಡೆಯಬಹುದಿತ್ತು. ಆದರೆ ಅದು ನೈಋತ್ಯದಿಂದ ಈಶಾನ್ಯಕ್ಕೆ, ಅರಬ್ಬೀ ಗಾಳಿ ಹೋಗುವ ದಿಕ್ಕಿಗೇ ಮಲಗಿದೆ. ಗಾಳಿ ಅದರ ಪಕ್ಕೆ ಸವರಿಕೊಂಡು ಸಾಗಿಬಿಡುತ್ತದೆ. ಬಂಗಾಳಕೊಲ್ಲಿಯಿಂದ ಹೊರಟ ಮೋಡಗಳು ಗಂಗೆಯ ಬಯಲಿಗೆಲ್ಲ ಹಂಚಿ ಹಂಚಿ ಇಲ್ಲಿಗೆ ಬರುವಾಗ ಬಹುಮಟ್ಟಿಗೆ ಬರಿಗೈ. ಇದರ ಮೇಲೆ, ಪಡುವಣದ ಒಣಗಾಳಿ ಎತ್ತರದಲ್ಲಿ ಮುಚ್ಚಳ ಹಾಕಿ ಕುಳಿತಿರುತ್ತದೆ. ಕೆಳಗಿನ ತೇವ ಅದನ್ನು ಒಡೆದು ಮೇಲೇರಿದ ದಿನ ಮಾತ್ರ ಮಳೆ.

ಹಾಗಾಗಿ ಥಾರಿನಲ್ಲಿ ಮೋಡ ನೋಡುವುದೇ ಒಂದು ಉದ್ಯೋಗ. ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ಸಂಜೆ ಹಗ್ಗದ ಮಂಚ ಚಾರ್ಪಾಯಿಯನ್ನು ಹೊರಗೆ ಹಾಕಿ, ಕಾಕೋಸಾ ಮತ್ತು ನಾನು ಈ ಮೋಡಗಾವಲಿಗೆ ಕೂರುತ್ತಿದ್ದೆವು. ಮೂಡಣದಲ್ಲಿ ಒಂದು ತುಣುಕು ಏಳುತ್ತಿತ್ತು, ದಪ್ಪವಾಗುತ್ತಿತ್ತು, ಅದರ ಹೊಟ್ಟೆಯಿಂದ ಬೂದುಬಣ್ಣದ ಎಳೆಗಳು ಕೆಳಗೆ ಜೋಲುತ್ತಿದ್ದವು. ಅದು ಮಳೆಯೇ, ನಿಜವಾದ ಮಳೆ. ಆದರೆ ನೆಲದವರೆಗೆ ಬರುವುದಿಲ್ಲ. ನಡುದಾರಿಯ ಒಣಗಾಳಿ ಅದನ್ನು ಪೂರ್ತಿ ಕುಡಿದುಬಿಡುತ್ತದೆ. ಕಣ್ಣೆದುರೇ ಸುರಿಯುತ್ತಿರುವ ಮಳೆಯ ಒಂದು ಹನಿಯೂ ಯಾರಿಗೂ ದಕ್ಕದೆ ಆಕಾಶದಲ್ಲೇ ಮುಗಿದುಹೋಗುವುದನ್ನು ನೋಡುವಾಗ ಗಂಟಲು ಕಟ್ಟುತ್ತದೆ. ಕಾಕೋಸಾ ಮಾತ್ರ ಎದೆಗುಂದುತ್ತಿರಲಿಲ್ಲ. ದೂರದ ಮಿಂಚು ಯಾವ ದಿಕ್ಕಿನದು, ಇರುವೆ ಮೊಟ್ಟೆ ಹೊತ್ತು ಎತ್ತರಕ್ಕೆ ಹೊರಟಿದೆಯೇ, ಗುಬ್ಬಿ ಧೂಳಿನಲ್ಲಿ ಸ್ನಾನ ಮಾಡಿತೇ, ಎಲ್ಲವನ್ನೂ ಒಂದೊಂದಾಗಿ ಕೂಡಿಸಿ ಕಳೆದು, "ಇನ್ನೂ ಹೊತ್ತಿದೆ" ಎಂದು ಬೀಡಿ ಹಚ್ಚುತ್ತಿದ್ದರು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಎಂಬ ನಮ್ಮ ಮಳೆನಕ್ಷತ್ರದ ಗಾದೆಯನ್ನು ಅವರಿಗೆ ಹೇಳಿದೆ. ಬಹಳ ಹೊತ್ತು ನಕ್ಕು, ಅದನ್ನು ಸೊಸೆಯಂದಿರಿಗೂ ಮೊಮ್ಮಕ್ಕಳಿಗೂ ತಮ್ಮ ಭಾಷೆಯಲ್ಲಿ ಸಾರಿ ಬಂದರು.

ಆರಿದ್ರಾದಲ್ಲೇ ಆಯಿತು. ಅಂದು ಮಧ್ಯಾಹ್ನದ ಲೂ ಇದ್ದಕ್ಕಿದ್ದಂತೆ ನಿಂತಿತು, ಆಡುಗಳು ತಲೆಯೆತ್ತಿದವು. ಮೂಡಣದಂಚಿನಲ್ಲಿ ಗುಡುಗು. ಮೋಡದಿಂದ ಕುಸಿದ ತಂಗಾಳಿ ನೆಲಕ್ಕೆ ಬಡಿದು, ಮಳೆಗಿಂತ ಮುಂದಾಗಿ ಓಡಿಬಂದು, ಎದುರಿಗಿದ್ದ ಮರಳನ್ನೆಲ್ಲ ಎಬ್ಬಿಸಿತು. ಹಳದಿ, ಆಮೇಲೆ ಕಂದು, ಆಮೇಲೆ ಹಗಲನ್ನೇ ನುಂಗುವ ಕಪ್ಪು. ಅದೇ ಆಂಧೀ. ಹಲ್ಲಿನ ನಡುವೆ ಮರಳು ಕರಕರ ಎಂದಿತು. ಸೊಸೆಯಂದಿರು ಚಾರ್ಪಾಯಿ ಒಳಗಿಟ್ಟು, ಕಾಳಿನ ಮೊರ ಎತ್ತಿ, ಕರುಗಳನ್ನು ಅಟ್ಟಿ ತಂದು ಕಟ್ಟುವಷ್ಟರಲ್ಲಿ ಧೂಳಿನ ಹಿಂದೆಯೇ ಹನಿಗಳು ಬಂದವು. ದಪ್ಪ ಹನಿಗಳು, ಒಂದೊಂದೂ ಬೇರೆ ಬೇರೆ. ಮರಳಿನ ಮೇಲೆ ಬಿದ್ದ ಪ್ರತಿ ಹನಿಯೂ ಒಂದು ಸಣ್ಣ ಗುಳಿ ತೋಡಿ, ಸುತ್ತ ಅಂಚು ಕಟ್ಟಿ, ನಡುವೆ ಒದ್ದೆ ಮರಳಿನ ಒಂದು ಗುಂಡನ್ನು ಬಿಟ್ಟಿತು. ನಾನು ಬಗ್ಗಿ ಅಂಥದೊಂದು ಗುಂಡನ್ನು ಅಂಗೈಗೆ ಎತ್ತಿಕೊಂಡೆ; ಹೊರಗೆಲ್ಲ ತಂಪು, ಒಡೆದರೆ ಒಳಗಿನ ಮರಳು ಇನ್ನೂ ಬಿಸಿ. ಕಾದ ನೆಲ ಒಮ್ಮೆಗೇ ಬಿಟ್ಟ ವಾಸನೆ ಮೂಗಿಗೆ ನುಗ್ಗಿತು. ಯಾರೂ ಒಳಗೆ ಓಡಲಿಲ್ಲ. ಮಕ್ಕಳು ನಾಲಗೆ ಚಾಚಿ ನಿಂತರು, ದೊಡ್ಡವರು ಪೇಟ ತೆಗೆದು ನಿಂತರು.

ನಿಧಾನವಾಗಿ ಒಂದು ಚಹಾ ಕುಡಿಯುವಷ್ಟು ಹೊತ್ತು ಸುರಿದು ಮಳೆ ದಾಟಿಹೋಯಿತು. ಕಾಕೋಸಾ ಹೊಲಕ್ಕಿಳಿದು, ಮರಳಿನಲ್ಲಿ ಕೈಯಿಂದ ಬಗೆದು, ಹಸಿ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಗೆ ಬೆರಳುಗಳನ್ನು ಅಡ್ಡ ಇಟ್ಟು ಎಣಿಸಿದರು. "ನಾಲ್ಕು ಅಂಗುಲ ರೇಜೋ" ಎಂದರು. ಅಲ್ಲಿನ ಮಳೆಯ ಅಳತೆ ಅದು. ಎಷ್ಟು ಸುರಿಯಿತು ಎಂದು ಕೇಳುವುದಿಲ್ಲ; ನೆಲ ಎಷ್ಟು ಒಳಗೆ ಇಳಿಸಿಕೊಂಡಿತು ಎಂದು ನೋಡುತ್ತಾರೆ. ಈ ಅಳತೆಗೋಲು ಹಿಡಿದು ನಮ್ಮ ಬೆಂಗಳೂರಿನ ಮಳೆಯನ್ನು ಅಳೆದರೆ ಎಷ್ಟು ಅಂಗುಲ ಬಂದೀತು ಎಂದು ಯೋಚಿಸಿದೆ. ಡಾಂಬರಿನ ಮೇಲೆ ಬಿದ್ದು, ಚರಂಡಿಗೆ ಹಾರಿ, ಮನೆಗಳಿಗೆ ನುಗ್ಗಿ ಹೋಗುವ ಅಷ್ಟು ದೊಡ್ಡ ಮಳೆಗೆ ಒಂದು ಅಂಗುಲವೂ ಕಷ್ಟ.

ಇಳಿಸಿಕೊಂಡದ್ದನ್ನು ಕಾಪಾಡುವ ಅವರ ಜಾಣ್ಮೆ ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮನೆಯ ಪಕ್ಕದಲ್ಲಿ ಟಾಂಕಾ: ನೆಲದೊಳಗೆ ಇಳಿಬಿಟ್ಟ ಗುಂಡು ತೊಟ್ಟಿ. ಸುತ್ತ ಇಳಿಜಾರಾಗಿ ಬಡಿದು ಗಟ್ಟಿ ಮಾಡಿದ ಅಂಗಳ. ಅದಕ್ಕೆ ಆಗೋರ್ ಎನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಅದನ್ನು ಗುಡಿಸಿ ಚೊಕ್ಕ ಮಾಡುತ್ತಾರೆ, ಚಪ್ಪಲಿ ಮೆಟ್ಟಿ ಯಾರೂ ಅದರ ಮೇಲೆ ಕಾಲಿಡುವುದಿಲ್ಲ. ಇನ್ನು ಕೆಲವು ಕಡೆ ಮರಳಿನ ಅಡಿಯಲ್ಲಿ ಜಿಪ್ಸಂನ ಒಂದು ಪದರ ಹಾಸಿಕೊಂಡಿದೆ. ಇಂಗಿದ ಮಳೆ ಅದರ ಮೇಲೆ ತೇವವಾಗಿ ನಿಲ್ಲುತ್ತದೆ. ಆಳದ ಉಪ್ಪುನೀರಿಗೆ ಸೇರುವುದಿಲ್ಲ. ಈ ತೇವ ಜಿನುಗಲೆಂದು ತೋಡುವ ಇಕ್ಕಟ್ಟಾದ ಬಾವಿಯೇ ಬೇರಿ, ಅಥವಾ ಕುಈಂ. ಅಗಲ ಮಾಡಿದರೆ ಜಿನುಗಿದ ನೀರು ಹರಡಿ ತೆಳುವಾಗಿ, ಮೊಗೆಯಲು ಬಾರದು. ಅದಕ್ಕೇ ಒಬ್ಬ ಆಳು ಕುಕ್ಕರಗಾಲಲ್ಲಿ ಕೂತು ಅಗೆಯುವಷ್ಟೇ ಜಾಗ. ಒಳಗಿನ ಸೆಖೆಯಲ್ಲಿ ಅಗೆಯುವವನಿಗೆ ಉಸಿರು ಕಟ್ಟದಿರಲೆಂದು ಮೇಲಿನವರು ಹಿಡಿ ಹಿಡಿ ಮರಳನ್ನು ರಭಸದಿಂದ ಎಸೆಯುತ್ತಾರೆ. ಮರಳಿನೊಂದಿಗೆ ಮೇಲಿನ ತಾಜಾ ಗಾಳಿ ಕೆಳಗಿಳಿಯುತ್ತದೆ. ಅವನ ತಲೆಗೆ ಪೆಟ್ಟಾಗದಿರಲು ಲೋಹದ ಒಂದು ಪಾತ್ರೆಯೇ ಟೊಪ್ಪಿಗೆ. ಇಷ್ಟು ಮಾಡಿದ ಮೇಲೆ ದಿನಕ್ಕೆ ಸಿಗುವುದು ಎರಡೋ ಮೂರೋ ಕೊಡ ಸಿಹಿನೀರು. ಈ ನೀರಿನ ವಿವರಗಳನ್ನು ಹಿಂದಿಯ ಅನುಪಮ್ ಮಿಶ್ರ ತಮ್ಮ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಪುಸ್ತಕದಲ್ಲಿ ಅಕ್ಕರೆಯಿಂದ ಬರೆದಿಟ್ಟಿದ್ದಾರೆ.

ಜೈಸಲ್ಮೇರಿನ ಪಾಲಿವಾಲ ಸಮುದಾಯದವರದು ಇನ್ನೂ ದೊಡ್ಡ ಎದೆಗಾರಿಕೆ. ಕಲ್ಲುಗುಡ್ಡದ ಇಳಿಜಾರಿನ ನೀರೆಲ್ಲ ಬಂದು ಸೇರುವ ತಗ್ಗಿಗೆ ಒಡ್ಡು ಕಟ್ಟಿ ಅವರು ಖಡೀನ್ ಮಾಡಿದರು. ಮಳೆಗಾಲದಲ್ಲಿ ಅದು ಕೆರೆ. ನೀರಿಂಗಿದ ಮೇಲೆ ಚಳಿಗಾಲದಲ್ಲಿ ಅದೇ ಹೊಲ. ಉಳಿದ ಪಸೆಯಲ್ಲೇ ಗೋಧಿ, ಕಡಲೆ ಬೆಳೆಯುತ್ತಾರೆ. ಸಜ್ಜೆಗೇ ಸಾಲದ ಮಳೆಯಲ್ಲಿ ಗೋಧಿ ಬೆಳೆದವರು! ಈಗ ಹಿಮಾಲಯದ ನೀರು ಇಂದಿರಾ ಗಾಂಧಿ ಕಾಲುವೆಯಲ್ಲಿ ಇಲ್ಲಿಗೂ ಬರುತ್ತದೆ, ಅದು ಒಳ್ಳೆಯದೇ. ಆದರೂ ಟಾಂಕಾದ ಮಳೆನೀರನ್ನು ಬಾಯಲ್ಲಿ ಒಂದು ಗಳಿಗೆ ನಿಲ್ಲಿಸಿಕೊಂಡು ಕುಡಿಯುವ ಹಿರಿಯರ ಮುಖ ನೋಡಬೇಕು. ಅಂಥ ಸವಿಯನ್ನು ನಲ್ಲಿ ಕೊಡಲಾರದು.

ಜಿಪ್ಸಂ ಪದರ ಯಾವಾಗಲೂ ಕರುಣಾಳುವಲ್ಲ ಎಂಬುದನ್ನೂ ಹೇಳಬೇಕು. 2006ರ ಆಗಸ್ಟಿನಲ್ಲಿ ಥಾರಿನ ಬಾರ್ಮೇರ್ ಜಿಲ್ಲೆಯ ಮೇಲೆ, ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಕೆಲವೇ ದಿನಗಳಲ್ಲಿ ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಕವಾಸ್ ಎಂಬ ಊರು ಮುಳುಗಿತು, ಅಡಿಯಲ್ಲಿದ್ದ ಜಿಪ್ಸಂ ನೀರನ್ನು ಇಂಗಗೊಡದೆ ತಿಂಗಳುಗಟ್ಟಲೆ ಹಿಡಿದಿಟ್ಟಿತು. ಹನಿಯನ್ನು ಕಾಪಾಡುವ ನೆಲಕ್ಕೆ ಹೊಳೆಯನ್ನು ಬಿಟ್ಟುಕೊಡುವ ಅಭ್ಯಾಸವಿರಲಿಲ್ಲ. ಆ ಊರಿನ ನೆನಪಾದಾಗ, ಮರುಭೂಮಿಗೆ ಹೆಚ್ಚು ಮಳೆ ಬರಲಿ ಎಂದು ಕಣ್ಣುಮುಚ್ಚಿ ಹಾರೈಸಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಬೇಕಾದ್ದು ಹದಮಳೆ. ತಡವಾದರೂ ಸರಿ, ಹೊತ್ತಿಗೆ ಒಂದೆರಡು ಸಲ.

ಆ ಹದಮಳೆಯ ಮರುದಿನ ಬೆಳಗ್ಗೆ ಹೊಲದಲ್ಲಿ ಕೆಂಪು ಮಖಮಲ್ಲಿನ ಹುಳಗಳು ಹರಿದಾಡುತ್ತಿದ್ದವು. ಮಕ್ಕಳು "ತೀಜ್, ತೀಜ್" ಎಂದು ಕೂಗುತ್ತ ಅಂಗೈ ಮೇಲೆ ಹತ್ತಿಸಿಕೊಂಡರು. ನಾನು ಅವನ್ನು ಗುರುತು ಹಿಡಿದೆ: ನಮ್ಮ ಮಿರಗದ ಹುಳ! ಮುಟ್ಟಿದರೆ ಕಾಲು ಮಡಚಿ ಸತ್ತಂತೆ ನಟಿಸುವ ಅದೇ ಸುಳ್ಳುಗಾರ. ಖೇಜಡಿಯೂ ನಮಗೆ ಪರಕೀಯವಲ್ಲ. ದಸರೆಯಲ್ಲಿ ಎಲೆ ಹಂಚಿ, ಬಂಗಾರದಂತೆ ಇರೋಣ ಎಂದು ಹಿರಿಯರ ಕಾಲಿಗೆರಗುತ್ತೇವಲ್ಲ, ಆ ಬನ್ನಿಯೇ ಅದು. ನಾವು ವರ್ಷಕ್ಕೊಮ್ಮೆ ಪೂಜಿಸುವ ಮರದಿಂದ ಅವರು ವರ್ಷಪೂರ್ತಿ ಬದುಕುತ್ತಾರೆ. ಸಾಂಗ್ರಿ ಎಂಬ ಅದರ ಕಾಯಿ ಪಲ್ಯಕ್ಕೆ, ಸೊಪ್ಪು ಆಡಿಗೆ, ನೆರಳು ಎಲ್ಲರಿಗೆ. ನಡುಬೇಸಗೆಯಲ್ಲಿ, ಮಿಕ್ಕ ಗಿಡಗಳೆಲ್ಲ ಕೈಚೆಲ್ಲಿದಾಗ, ಅದು ಆಳದ ಬೇರಿನ ಧೈರ್ಯದಿಂದ ಹಸಿರಾಗಿ ನಿಂತಿರುತ್ತದೆ. 1730ರಲ್ಲಿ ಜೋಧಪುರದ ಅರಮನೆಗೆ ಸುಣ್ಣ ಸುಡಲು ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಲು ಅರಸನ ಆಳುಗಳು ಬಂದಾಗ, ಅಮೃತಾದೇವಿ ಸೇರಿದಂತೆ 363 ಬಿಷ್ಣೋಯಿಗಳು ಮರಗಳನ್ನು ತಬ್ಬಿ ನಿಂತು ಪ್ರಾಣ ಕೊಟ್ಟರು. ಆ ನೆರಳಿನಲ್ಲಿ ಒಂದು ಮಧ್ಯಾಹ್ನ ಆಡುಗಳ ಜತೆ ಕುಳಿತೆದ್ದವರಿಗೆ, ಒಂದು ಮರಕ್ಕಾಗಿ ಅಷ್ಟು ಜನ ಏಕೆ ತಲೆ ಕೊಟ್ಟರೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೀವೂ ಆ ಕಡೆ ಹೋಗುವುದಾದರೆ ಆಷಾಢದಲ್ಲಿ ಹೋಗಿ. ನೋಡಲು ಏನಿದೆ ಎಂದು ಟ್ರಾವೆಲ್ಸಿನವರನ್ನು ಕೇಳಬೇಡಿ, ಏನೂ ಇಲ್ಲ ಎಂದುಬಿಡುತ್ತಾರೆ. ನೀರಿನ ಬಾಟಲಿಯ ಜತೆಗೆ ಜೇಬಿಗೊಂದು ಉಳ್ಳಾಗಡ್ಡಿಯೂ ಇರಲಿ. ಯಾವುದಾದರೂ ಢಾಣಿಯಲ್ಲಿ ನಿಮ್ಮ ಕಡೆ ಮಳೆ ಹಿಡಿಯಿತೇ ಎಂದು ಕೇಳುತ್ತಾರೆ. ಹಿಡಿದಿದ್ದರೆ ಬಾಯಿತುಂಬ ಹೌದೆನ್ನಿ, ಅದರಲ್ಲಿ ಅವರ ಬಿಸಿಲಿನ ಪಾಲಿದೆ ಎಂಬುದನ್ನೂ ತಿಳಿಸಿ. ಆಮೇಲೆ ಚಾರ್ಪಾಯಿ ಹೊರಗೆ ಹಾಕಿ, ಮೂಡಣಕ್ಕೆ ಮುಖ ಮಾಡಿ, ಮೋಡಗಾವಲಿಗೆ ಕುಳಿತುಬಿಡಿ. ಮಳೆ ಬಂದರೆ ಬೆರಳಿಟ್ಟು ಅಳೆಯಿರಿ. ಬಾರದಿದ್ದರೆ ಇನ್ನೊಂದು ದಿನ ಉಳಿಯಿರಿ. ಊಟಕ್ಕೆ ಸಾಂಗ್ರಿ ಪಲ್ಯವಿದೆ, ಮಾತಿಗೆ ಮಳೆಯಿದೆ, ಹೊತ್ತಿಗಂತೂ ಅಲ್ಲಿ ಬರವಿಲ್ಲ.